ಏಳುಕೋಟಿ ಎನ್ನದ ಹೊರತು ಬಾಯಿ ಹಾಕದ ಕುರಿಗಳು

ಕುರಿ ಸಾಕಿದವನ ಮನೆಯಲ್ಲಿ ನಗುವಿಗೆ ಬರ ಬರುವುದಿಲ್ಲ. ಅದೂ ಮೈಲಾರಲಿಂಗನ ಕೃಪೆಯೇ. ನಾವು ಕಲಬುರಗಿ ಕಡೆಯವರು, ಈಗ ಇರುವುದು ಮರಾಠಿ ಸೀಮೆಯ ಶಿರೂರಿನ ಹತ್ತಿರ. ಮೇಯಿಸುತ್ತಿದ್ದ ಗುಡ್ಡಕ್ಕೆ ಯಾರೋ ಕಾಂಪೌಂಡ್ ಕಟ್ಟಿದ ಮೇಲೆ ಕುರಿಗಳಿಗೆ ಕಾರ್ಖಾನೆಗಳಲ್ಲಿ ಉಳಿದದ್ದೇ ಮೇವಾಯಿತು. ಅದನ್ನು ತಿಂದರೆ ಕುರಿ ಉಳಿದಾವು, ಇಲ್ಲದಿದ್ದರೆ ಮಾರಬೇಕು. ಏನೇ ಹಾಕಲಿ, ಮೇವಿನ ಗೋದಲಿಯ ಮೇಲೆ ಚಿಟಿಕೆ ಭಂಡಾರದ ಅರಿಶಿನ ಎರಚಿ ಮೈಲಾರನ ಹೆಸರಲ್ಲಿ ‘ಏಳುಕೋಟಿ’ ಎನ್ನುವುದು ಅಪ್ಪನ ಕಾಲದ ಪದ್ಧತಿ.

ಬಿಸ್ಕತ್ತು

ಭೋಸರಿಯ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಳಿಯ ಮೊದಲು ತಂದದ್ದು ಬಿಸ್ಕತ್ತಿನ ಚೂರು, ಚೀಲಗಟ್ಟಲೆ. ಅಂದೇ ಬೀಗರು ಬಂದರು. ನನ್ನ ಹೆಂಡತಿ ಅವರಿಗೆ ಬರೀ ಚಹಾ ಕೊಟ್ಟಳು. ಅಂಗಳದಲ್ಲಿ ಕುರಿಗಳು ಕರುಂಕುರುಂ ಎಂದು ಬಿಸ್ಕತ್ತು ಅಗಿಯುತ್ತಿದ್ದವು. ಬೀಗರು ಅವನ್ನೇ ನೋಡಿ, “ಮುಂದಿನ ಜನ್ಮಕ್ಕ ನಿಮ್ಮ ಮನ್ಯಾಗ ಕುರಿ ಆಗಿ ಹುಟ್ಟಬೇಕ್ರಿ” ಅಂದರು.

“ಹುಟ್ಟರಿ, ಆದ್ರ ಆವಾಗ ಚಹಾ ಸಿಗೂದಿಲ್ಲ” ಅಂದಳು ಇವಳು.

ವಾಸನೆ

ಆಮೇಲೆ ಬಿಸ್ಕತ್ತು ಸಿಗದಾಯಿತು. ಬಿಯರ್ ಕಾರ್ಖಾನೆಯಲ್ಲಿ ಸಾರ ತೆಗೆದು ಉಳಿಸಿದ ಹಸಿ ಬಾರ್ಲಿ ತರಿಸಿದೆ. ಅದರಲ್ಲಿ ಅಮಲೇನೂ ಇರುವುದಿಲ್ಲ, ಹೊಟ್ಟಿನ ಜೊತೆ ಸ್ವಲ್ಪಸ್ವಲ್ಪ ಬೆರೆಸಿ ರೂಢಿ ಮಾಡಿಸಿ ಎಂದರು ದನದ ಡಾಕ್ಟರು. ಹುಳಿ ವಾಸನೆ ಮಾತ್ರ ಬಟ್ಟೆಗೂ ಹತ್ತಿತು. ಗುರುವಾರ ಭಜನೆಗೆ ಹೋದರೆ ಪಕ್ಕದವರು ಸರಿದು ಕೂತರು. ಮಂಗಳಾರತಿಯಾದ ಮೇಲೆ ಹಿರಿಯರು ಹೆಗಲ ಮೇಲೆ ಕೈ ಇಟ್ಟು, ಯಾವಾಗಿನಿಂದ ಎಂದು ಮೆಲ್ಲಗೆ ಕೇಳಿದರು.

“ನಾ ಅಲ್ರಿ ಅಜ್ಜಾರ, ಕುರಿಗೆ.”

ಅವರು ನಿಟ್ಟುಸಿರು ಬಿಟ್ಟರು. “ಎಲ್ಲಾರೂ ಮತ್ತೊಬ್ಬರ ಹೆಸರೇ ಹೇಳ್ತಾರಪ್ಪ.”

ವ್ಯಾಪಾರಿ

ನಗು ಅಲ್ಲಿಗೆ ನಿಂತಿತು. ಕುರಿಗಳು ಬಾರ್ಲಿ ಮುಟ್ಟಲಿಲ್ಲ. ಗೋದಲಿಯ ಮುಂದೆ ಸಾಲಾಗಿ ನಿಂತು ನನ್ನ ಮುಖ ನೋಡುತ್ತಿದ್ದವು. ಬೆನ್ನೆಲುಬು ಕೈಗೆ ಸಿಗತೊಡಗಿತು. ಸಾಯುವುದಕ್ಕಿಂತ ಬೇರೆಯವರ ಮನೆಯಲ್ಲಾದರೂ ಬದುಕಲಿ ಎಂದು ದೇವರಿಗೆ ಕೈಮುಗಿದು, ಕಾತ್ರಜದಲ್ಲಿರುವ ನಮ್ಮ ಕಡೆಯ ಕುರಿ ವ್ಯಾಪಾರಿಗೆ ಫೋನ್ ಮಾಡಿದೆ.

ಅವನು ಟೆಂಪೊ ತಂದ. ನಾನು ಆಗಷ್ಟೇ ಬಾರ್ಲಿ ಸುರಿದಿದ್ದೆ. ನನ್ನ ಹಣೆಯ ಭಂಡಾರ ಕಂಡು, ಅವನೂ ಮೈಲಾರನ ಒಕ್ಕಲೇ ಆದ್ದರಿಂದ, ನಮಸ್ಕಾರದ ಬದಲು ಎರಡೂ ಕೈಯೆತ್ತಿ, “ಏಳುಕೋಟಿ ಏಳುಕೋಟಿಗೋ” ಎಂದು ಕೂಗಿದ.

ಅಷ್ಟೂ ಕುರಿಗಳ ತಲೆ ಗೋದಲಿಯೊಳಗೆ ಹೋಯಿತು.

ಬಿಯರಿನ ಸರಕಿನ ಮೇಲೆ ದೇವರ ಹೆಸರು ಹೇಗೆ ಹೇಳುವುದೆಂದು, ಬಾರ್ಲಿ ಬಂದಾಗಿನಿಂದ ನಾನು ಭಂಡಾರವನ್ನೂ ಎರಚಿರಲಿಲ್ಲ, ಏಳುಕೋಟಿಯನ್ನೂ ಅಂದಿರಲಿಲ್ಲ. ಕಣ್ಣು ತುಂಬಿ ಬಂತು. ಹೆಂಡತಿ ಹೇಳಿದಳು: “ಅವಕ್ಕ ವಾಸನೆ ಅಡ್ಡಿ ಇರಲಿಲ್ರೀ. ನೈವೇದ್ಯ ಆಗ್ಲಿ ಅಂತ ಕಾಯ್ತಿದ್ವು.”

ಕುರಿ ಕೊಡುವುದಿಲ್ಲವೆಂದು ವ್ಯಾಪಾರಿಯ ಕೈ ಹಿಡಿದು ಹೇಳಿದೆ. ಅವನು ಗೋದಲಿ ನೋಡಿದ, ನನ್ನನ್ನು ನೋಡಿದ, ಖಾಲಿ ಟೆಂಪೊ ಹತ್ತಿದ.

“ಇನ್ನ ವ್ಯಾಪಾರ ಮುಗಿಯೂತನಾ ದೇವರ ಹೆಸರು ತಗೊಳ್ಳೂದಿಲ್ಲ ನೋಡ್ರಿ ನಾ.”