ಅಮ್ಮನ ಅಳು, ಮಾವನ ಡೌಟು

ನಗುವುದಕ್ಕೆ ಅಂತ ನಮ್ಮ ಬೀದಿಯಲ್ಲಿ ಯಾರೂ ಕಷ್ಟಪಡಬೇಕಾಗಿರಲಿಲ್ಲ. ಮಧ್ಯಾಹ್ನ ಟಿವಿ ಹಾಕಿದರೆ ಸಾಕು, ಮಿಕ್ಕಿದ್ದನ್ನು ನಮ್ಮ ಮಾವ ನೋಡಿಕೊಳ್ಳುತ್ತಿದ್ದ.

ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿ ನಮ್ಮದು. ತೊಂಬತ್ತರ ದಶಕದ ಮಾತು. ಬೆಳಗಿನಿಂದ ಮನೆಮನೆಯಲ್ಲೂ ಮಗ್ಗದ ಸದ್ದು. ತಮಿಳು ಧಾರಾವಾಹಿಯ ಹೊತ್ತಾದರೆ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಅಮ್ಮ, ಸೆರಗನ್ನು ಮೊದಲೇ ಕೈಗೆ ತೆಗೆದುಕೊಂಡು ಕೂತಿರುತ್ತಿದ್ದಳು.

ಕಥೆಯಲ್ಲಿ ಒಬ್ಬ ಸೊಸೆ. ಹುಟ್ಟುತ್ತಲೇ ತಾಯಿಯಿಂದ ಅಗಲಿದವಳು. ಆ ತಾಯಿ ಮಗಳು ಒಂದಾಗುವುದನ್ನು ನೋಡಿ ಹೊಟ್ಟೆ ತುಂಬ ಅಳಬೇಕು ಅನ್ನುವುದು ಅಮ್ಮನ ಆಸೆ. ಪಾಪ, ಬೇರೇನನ್ನೂ ಅವಳು ಕೇಳಿರಲಿಲ್ಲ. ಆದರೆ ಅವಳ ಪಕ್ಕದಲ್ಲೇ ಅವಳ ತಮ್ಮ, ಅಂದರೆ ನಮ್ಮ ಮಾವ ಕೂತಿರುತ್ತಿದ್ದ. ಅವನಿಗೆ ಧಾರಾವಾಹಿ ನೋಡಲು ಬರುತ್ತಿರಲಿಲ್ಲ, ಪತ್ತೆ ಹಚ್ಚಲು ಮಾತ್ರ ಬರುತ್ತಿತ್ತು.

ಒಂದೇ ಸೀರೆ

ಒಂದು ದಿನ ಸೊಸೆಗೆ ವಿಪರೀತ ಜ್ವರ. ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ. ಡಾಕ್ಟರಮ್ಮ ನಾಡಿ ಹಿಡಿದು ತಲೆ ಅಲ್ಲಾಡಿಸಿದಳು. ಅಮ್ಮ ಸೆರಗನ್ನು ಕಣ್ಣಿನ ಹತ್ತಿರ ತಂದಳು. ಇನ್ನೇನು ಮೊದಲ ಹನಿ ಉದುರಬೇಕು, ಮಾವ ಎದ್ದು ನಿಂತ.

"ಅಕ್ಕಾ, ಆ ಡಾಕ್ಟ್ರ ಸೀರೆ ನೋಡು! ಓದ ವಾರ ಇವ್ಳ ಅತ್ತೆ ಉಟ್ಟಿದ್ಲಲ್ಲ, ಅದೇ ಸೀರೆ. ಅದೇ ಅಂಚು, ಅದೇ ಬುಟ್ಟಾ."

"ಅಲ್ಲಿ ಎಣ್ಣು ಸಾಯ್ತಾ ಅವ್ಳೆ, ನೀನು ಬುಟ್ಟಾ ನೋಡ್ತಾ ಇದೀಯಾ?"

"ಇಬ್ರೂ ಅಕ್ಕತಂಗೀರು. ಒಂದೇ ಮನೆ ಸೀರೆ. ಬರೆದಿಟ್ಕೋ."

ಹುಟ್ಟಿದಂದಿನಿಂದ ಸೀರೆಯ ನಡುವೆ ಬೆಳೆದ ಜನ ನಾವು. ನಟನಟಿಯರ ಮುಖ ಮರೆತೇವು, ಅಂಚು ಮರೆಯೆವು. ಹೆಂಗಸರೆಲ್ಲ ಸೊಸೆಯ ಜ್ವರ ಬಿಟ್ಟು ಸೀರೆ ನೋಡತೊಡಗಿದರು. ಅಮ್ಮನ ಅಳು ಅಲ್ಲೇ ಇಂಗಿಹೋಯಿತು.

ಮಾರನೆಯ ದಿನ ಅದೇ ಸೀರೆಯಲ್ಲಿ ಇನ್ಸ್‌ಪೆಕ್ಟರನ ಹೆಂಡತಿ ಬಂದಳು. ಅದರ ಮರುದಿನ ವಕೀಲನ ತಾಯಿ. ಧಾರಾವಾಹಿ ತೆಗೆಯುವ ಕಂಪನಿಯವರಲ್ಲಿ ಇರುವುದೇ ಅದೊಂದು ಒಳ್ಳೆಯ ಸೀರೆ ಅಂತ ನಮಗೆಲ್ಲ ಗೊತ್ತಾಯಿತು. ಎಲ್ಲರೂ ಮಾವನ ಮುಖ ನೋಡಿದೆವು. ಅವನು ಸ್ವಲ್ಪವೂ ಅಳುಕಲಿಲ್ಲ.

"ಪಾವಂ, ಅವ್ರಪ್ಪನಿಗೆ ಎಣ್ಣುಮಕ್ಳು ಜಾಸ್ತಿ" ಅಂದ.

ಎಣ್ಣೆ

ಸೊಸೆಯನ್ನು ಗಂಡ ಮನೆಯಿಂದ ಹೊರಗೆ ಹಾಕಿದ ದಿನ ನಡುವೆ ಅಡುಗೆ ಎಣ್ಣೆಯ ಜಾಹೀರಾತು ಬಂತು. ನೋಡಿದರೆ ಅದೇ ನಟಿ! ಬೇರೆ ಗಂಡ, ಎರಡು ಮಕ್ಕಳು, ಬಾಣಲೆಯಲ್ಲಿ ಪೂರಿ, ಮುಖದ ತುಂಬ ನಗು.

"ನೋಡ್ದಾ ಅಕ್ಕಾ? ಇವ್ಳಿಗೆ ಇನ್ನೊಂದು ಸಂಸಾರ ಐತೆ. ಗಂಡ ಸುಮ್ನೆ ಓಡಿಸ್ಲಿಲ್ಲ" ಎಂದ ಮಾವ.

ಅಮ್ಮ ನಂಬಲಿಲ್ಲ. ಆದರೂ ಅಂದು ಅವಳಿಗೆ ಅಳು ಬರಲಿಲ್ಲ. ಸಂಜೆ ಅಂಗಡಿಯಿಂದ ಆ ಎಣ್ಣೆಯನ್ನೇ ತಂದಿದ್ದೆ. ಅಮ್ಮ ಪ್ಯಾಕೆಟ್ಟನ್ನು ಹಾಗೇ ನನ್ನ ಕೈಗೆ ವಾಪಸು ಇಟ್ಟಳು.

"ಅವ್ಳು ನಿಜವಾಗ್ಲೂ ಬೀದಿಗೆ ಬಿದ್ದವ್ಳೆ ಅಂತ ಗೊತ್ತಾಗೋವರ್ಗೂ ಈ ಎಣ್ಣೆ ನಮ್ಮನೇಗೆ ಬ್ಯಾಡ."

ಹೆಣ್ಣು ನೋಡಲು ಬಂದವರು

ನಲ್ಲಂಪಳ್ಳಿಯಿಂದ ನನ್ನ ತಂಗಿಯನ್ನು ನೋಡಲು ಬಂದರು. ಬಸ್ಸು ತಡವಾಗಿ, ಸರಿಯಾಗಿ ಧಾರಾವಾಹಿಯ ಹೊತ್ತಿಗೇ ಬಂದಿಳಿದರು. ಮಾವನನ್ನು ಒಳಕೋಣೆಗೆ ಟಿವಿ ಸಮೇತ ಸಾಗಿಸಿ ಬಾಗಿಲು ಎಳೆದೆವು. ನಡುಮನೆಯಲ್ಲಿ ಹುಡುಗ, ಅವನ ತಂದೆ, ತಾಯಿ. ತಂಗಿ ಕಾಫಿ ತಂದು ಕೊಟ್ಟಳು. ಮಾತು ಇನ್ನೂ ಮಳೆ ಬೆಳೆಯ ಮೇಲೇ ಇತ್ತು. ಒಳಗಿನಿಂದ ಮಾವನ ಗಂಟಲು ಕೇಳಿಸಿತು.

"ಈ ಮಾಪಿಳ್ಳೆ ಗಂಡಿನ ಮೇಲೆ ನಂಗೆ ಡೌಟ್ ಐತೆ! ಮೀಸೆ ನೋಡಿದ್ರೇ ಗೊತ್ತಾಗಲ್ವಾ? ಇವನಿಗೆ ಮೊದ್ಲೇ ಒಂದು ಮದ್ವೆ ಆಗೈತೆ!"

ಹುಡುಗನ ಕೈ ತಾನಾಗಿ ಮೀಸೆಗೆ ಹೋಯಿತು. ಅವನ ತಂದೆ ಲೋಟ ಕೆಳಗಿಟ್ಟರು. ತಾಯಿ ಎದ್ದೇ ಬಿಟ್ಟರು. ಸಂಬಂಧ ಮುರಿಯಿತು ಅಂತ ಅಮ್ಮ ಗೋಡೆ ಹಿಡಿದುಕೊಂಡಳು. ಆ ತಾಯಿ ಬಾಗಿಲ ಕಡೆ ಹೋಗದೆ, ನೇರ ಒಳಕೋಣೆಗೆ ಹೋಗಿ ಟಿವಿ ಮುಂದೆ ಮಾವನ ಪಕ್ಕ ಕೂತರು.

"ನಂಗೂ ಅದೇ ಡೌಟು! ನಮ್ಮ ಮನೇಲಿ ಏಳಿದ್ರೆ ಯಾರೂ ಒಪ್ಪಲ್ಲ."

ಅರ್ಧ ಗಂಟೆಯಲ್ಲಿ ಲಗ್ನ ನಿಶ್ಚಯವಾಯಿತು. ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅಮ್ಮ ನಿಟ್ಟುಸಿರು ಬಿಟ್ಟಳು. "ಒಂದು ಇತ್ತು, ಜೋಡಿ ಆಯ್ತು."

ಕೊನೆಯ ಕಂತು

ತಂಗಿ ಮದುವೆಯಾಗಿ ನಲ್ಲಂಪಳ್ಳಿಗೆ ಹೋದ ಮೇಲೆ ಕೊನೆಯ ಕಂತಿನ ದಿನ ಗೊತ್ತಾಯಿತು. ತಾಯಿ ಮಗಳು ಎದುರಾಗುವುದು ಅಂದೇ. ಅಮ್ಮ ಹಿಂದಿನ ದಿನವೇ ಒಂದು ಸೀರೆ ಮಡಿಸಿ ಮಾವನ ಕೈಗೆ ಕೊಟ್ಟಳು. "ನಲ್ಲಂಪಳ್ಳಿಗೆ ಓಗಿ ಮಗಳಿಗೆ ಕೊಟ್ಟು, ನಾಲ್ಕು ದಿನ ಇದ್ದು ಬಾಪ್ಪ." ತಂಗಿಯ ಅತ್ತೆಯ ಜೊತೆ ಕೂತು ನೋಡಬಹುದು ಅಂತ ಮಾವ ಕುಣಿಯುತ್ತಾ ಹೋದ.

ಅಂದು ಮನೆಯಲ್ಲಿ ಎಂಥಾ ಶಾಂತಿ! ಯಾರೂ ಕೆಮ್ಮಲಿಲ್ಲ. ಅಮ್ಮ ಸೆರಗು ಹಿಡಿದು ಕೂತಳು. ಸೊಸೆ ಒಂದು ಮನೆಯ ಮೆಟ್ಟಿಲು ಹತ್ತಿದಳು, ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು.

ಕರೆಂಟು ಹೋಯಿತು.

ಬೀದಿಗೆ ಬೀದಿಯೇ "ಅಯ್ಯೋ" ಅಂದಿತು. ಕರೆಂಟು ಬಂದಾಗ ಟಿವಿಯಲ್ಲಿ ವಾರ್ತೆ ಓದುತ್ತಿದ್ದರು. ಅಮ್ಮನ ಮುಖ ನೋಡಲು ಆಗಲಿಲ್ಲ. ನನಗೂ ಸಂಕಟವಾಯಿತು.

"ನಡಿಯಲೇ, ಫೋನ್ ಬೂತ್‌ಗೆ" ಎಂದಳು.

ತಂಗಿಯ ಎದುರುಮನೆ ಅಂಗಡಿಯಲ್ಲಿ ಫೋನಿತ್ತು. ಹಿಂದೆ ಹೆಂಗಸರ ಮೆರವಣಿಗೆ. ಮೊದಲು ತಂಗಿ ಫೋನಿಗೆ ಬಂದಳು. "ಒಣ್ಣುಮೇ ಕೇಕ್ಕಲೆಮ್ಮಾ! ಒಂದು ಮಾತೂ ಕೇಳಿಸ್ಲಿಲ್ಲ. ನಿನ್ ತಮ್ಮ, ನಮ್ಮತ್ತೆ ಇಬ್ರೂ ಟಿವಿಗೆ ಅಡ್ಡ ನಿಂತು ಜಗಳ ಆಡ್ತಾ ಇದ್ರು."

ಮಾವ ಫೋನು ಕಸಿದುಕೊಂಡ. ಬೂತಿನೊಳಗೆ ನಿಂತ ನನಗೂ ಕೇಳಿಸುವಷ್ಟು ಗಂಟಲು.

"ತಾಯಿ ಮಗಳು ಸೇರಿದ್ರಾ ಇಲ್ವಾ? ಅಷ್ಟು ಏಳು ಸಾಕು" ಎಂದಳು ಅಮ್ಮ.

"ಅಕ್ಕಾ, ಅವ್ರು ತೋರಿಸಿದ್ದು ಬಿಡು. ಅದು ತಪ್ಪು. ಕರೆಕ್ಟಾಗಿ ಏನಾಗ್ಬೇಕಿತ್ತು ಅಂತ ನಾನ್ ಏಳ್ತೀನಿ ಕೇಳು."

ಅಮ್ಮ ಬಯ್ಯುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಮಾವ ಶುರು ಮಾಡಿಬಿಟ್ಟಿದ್ದ. ಆ ಡಾಕ್ಟರಮ್ಮನೇ ತಾಯಿ. ಹೆತ್ತ ಕೂಸಿಗೆ ಸುತ್ತಲು ಬಟ್ಟೆಯಿಲ್ಲದೆ ಉಟ್ಟ ಸೀರೆಯನ್ನೇ ಹರಿದು ಸುತ್ತಿದ್ದಳು. ಮಿಕ್ಕ ಅರ್ಧವನ್ನು ಎದೆಗವಚಿಕೊಂಡು ಇಷ್ಟು ವರ್ಷ ಹುಡುಕಿದಳು. ಬಾಗಿಲು ತೆರೆದಾಗ ಮಗಳ ಕೈಯಲ್ಲಿ ಅದೇ ಅಂಚು, ಅದೇ ಬುಟ್ಟಾ...

ಅಮ್ಮನ ಕಣ್ಣಲ್ಲಿ ಧಾರೆ. ತಿಂಗಳುಗಟ್ಟಲೆ ತಡೆದಿಟ್ಟಿದ್ದ ಅಳು ಬೂತಿನಲ್ಲಿ ಹರಿಯಿತು. ಹೊರಗಿದ್ದ ಹೆಂಗಸರು ಗಾಜಿನಲ್ಲಿ ಅಮ್ಮನ ಮುಖ ನೋಡಿಯೇ ಅಳತೊಡಗಿದರು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಇದು ಟಿವೀಲಿ ಬಂದಿದ್ದಲ್ಲ, ಮಾವ ಕಟ್ಟಿದ್ದು..."

ಅಮ್ಮ ರಿಸೀವರಿನ ಬಾಯಿ ಮುಚ್ಚಿ, ನೆನೆದ ಸೆರಗನ್ನು ನನ್ನತ್ತ ಬೀಸಿದಳು.

"ಶುಮ್ಮಾ ಇರ್ಲಾ! ಕಥೆ ನಡೀತಾ ಇರುವಾಗ ಯಾರಾದ್ರೂ ಮಧ್ಯ ಬಾಯಿ ಆಕ್ತಾರಾ?"