ದೆವ್ವದ ಕಾದಂಬರಿ ಓದಿ ನಗುವ ಸದಸ್ಯರ ಕುರಿತು

ವಾಚನ ಮತ್ತು ವೀಕ್ಷಣಾ ಇಲಾಖೆ
ವಲಯ ಕಚೇರಿ, ಮೈಸೂರು

ಸಂಖ್ಯೆ: ವಾವೀ/ಮೈ/ನಗು/೩೭/೨೦೨೪-೨೫
ದಿನಾಂಕ: ೧೮-೦೯-೨೦೨೪

ವಿಷಯ: ರಾಜೀವನಗರ ಓದುಮನೆಯಲ್ಲಿ ಹಾಸ್ಯವಲ್ಲದ ಪುಸ್ತಕ ಹಾಗೂ ಚಲನಚಿತ್ರಗಳಿಗೆ ನಗುವ ಬಗ್ಗೆ.

ಉಲ್ಲೇಖ: ೧) ಓದುಮನೆ ಸಹಾಯಕ ಶ್ರೀ ವಾಗೀಶ ಇವರ ವರದಿ.
೨) ಅದೇ ವರದಿಯನ್ನು ಸದರಿಯವರು ನಗದೆ ಪುನಃ ಬರೆದು ಸಲ್ಲಿಸಿದ್ದು.

ಮಂಡಿ ಮೊಹಲ್ಲಾ ನಿವಾಸಿ, ವಿದ್ಯಾರ್ಥಿನಿಲಯವೊಂದರ ನಿವೃತ್ತ ಅಡುಗೆಯವರಾದ ಶ್ರೀಮತಿ ಬಸಮ್ಮ (೬೭ ವರ್ಷ) ಇವರು ಪ್ರತಿದಿನ ಸಿಟಿ ಬಸ್ಸಿನಲ್ಲಿ ಓದುಮನೆಗೆ ಬಂದು, ಭಯಾನಕ ವಿಭಾಗದ ಕಾದಂಬರಿಗಳನ್ನು ಓದಿ ಗಟ್ಟಿಯಾಗಿ ನಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಹಾಸ್ಯ ವಿಭಾಗದ ಬೀರುವಿನಲ್ಲಿ ೨೧೨ ಪುಸ್ತಕಗಳು ಲಭ್ಯವಿದ್ದು, ಅವುಗಳಿಂದ ಈವರೆಗೆ ಯಾರೂ ನಕ್ಕಿರುವುದಿಲ್ಲ.

“ಅಮ್ಮಾ, ಇದು ಹೆದರಿಕೊಳ್ಳೋ ಪುಸ್ತಕ. ನಗೋ ಹಾಗಿಲ್ಲ” ಎಂದು ಶ್ರೀ ವಾಗೀಶ ಅವರು ತಿಳಿಹೇಳಲಾಗಿ, ಸದರಿ ಸದಸ್ಯರು, “ದೆವ್ವ ಬಾಗ್ಲು ತಟ್ತಾ ಅದೆ ಕಣಪ್ಪ! ಗೋಡೆ ತೂರ್ಕೊಂಡು ಬರೋ ಅಂತದ್ದು, ಚಿಲ್ಕ ತಗೀಲಿ ಅಂತ ಕಾಯ್ಕೊಂಡು ನಿಂತದೆ!” ಎಂದಿರುತ್ತಾರೆ. ಇದನ್ನು ಕೇಳಿ, ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಪುಟ ಓದುತ್ತಿದ್ದ ಇಬ್ಬರು ನಕ್ಕಿರುತ್ತಾರೆ.

ಅದೇ ವಾರದ ಶನಿವಾರ ಓದುಮನೆಯಲ್ಲಿ ಪ್ರದರ್ಶಿಸಲಾದ ದುಃಖಾಂತ ಚಿತ್ರದಲ್ಲಿ ಗುಂಡು ತಗುಲಿದ ನಾಯಕನು ತಾಯಿಯ ಮಡಿಲಲ್ಲಿ ಹನ್ನೊಂದು ನಿಮಿಷ ಮಾತನಾಡುತ್ತಿದ್ದಾಗ, “ಯಾರಾದ್ರೂ ಒಂದ್ ಲೋಟ ನೀರು ಕೊಡ್ರಪ್ಪ, ಮಾತಾಡಿ ಮಾತಾಡಿ ಗಂಟ್ಲು ಒಣಗೋಯ್ತು ಆ ಮಗೀಗೆ” ಎಂದು ಶ್ರೀಮತಿ ಬಸಮ್ಮ ಕೋರಿರುತ್ತಾರೆ. ಅಳಲು ತರಲಾಗಿದ್ದ ಕರವಸ್ತ್ರಗಳನ್ನು ಪ್ರೇಕ್ಷಕರು ಬಾಯಿಗೆ ತುರುಕಿಕೊಂಡಿದ್ದು ಇಲಾಖೆಗೆ ಮುಜುಗರ ಉಂಟುಮಾಡಿದೆ.

ಆದ್ದರಿಂದ ಕೆಳಸಹಿದಾರರಾದ ವಲಯ ಅಧಿಕಾರಿಗಳು ಸದರಿಯವರ ಸದಸ್ಯತ್ವವನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟು, ಅವರು ಓದುತ್ತಿದ್ದ ಕಾದಂಬರಿಯನ್ನು ಸಾಕ್ಷ್ಯವಾಗಿ ವಶಪಡಿಸಿಕೊಂಡರು. ಶ್ರೀಮತಿ ಬಸಮ್ಮ ಕಾರ್ಡನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟು ಹೊರಟುಹೋದರೆಂದು ದಾಖಲಾಗಿದೆ.

ತದನಂತರದ ವಾರದಲ್ಲಿ ಓದುಮನೆಯ ಹಾಜರಾತಿಯು ೬೪ರಿಂದ ೩ಕ್ಕೆ ಇಳಿಯಿತು. ಈ ಮೂವರಲ್ಲಿ ಒಬ್ಬರು ನಿದ್ರಿಸುತ್ತಿದ್ದರು, ಇನ್ನೊಬ್ಬರು ಶ್ರೀ ವಾಗೀಶ, ಮತ್ತೊಬ್ಬರು ತಪಾಸಣೆಗೆ ಬಂದಿದ್ದ ಕೆಳಸಹಿದಾರರು. ಉಳಿದವರು ತಂತಮ್ಮ ಪುಸ್ತಕಗಳೊಂದಿಗೆ ಶ್ರೀಮತಿ ಬಸಮ್ಮನವರ ಮನೆಯ ಜಗಲಿಯಲ್ಲಿ ಸೇರುತ್ತಿರುವರೆಂದು ತಿಳಿದುಬಂತು.

ದಿನಾಂಕ ೧೨ರಂದು ಸಂಜೆ ನಾಲ್ಕಕ್ಕೆ ಕೆಳಸಹಿದಾರರು ಜಗಲಿಯ ಓದನ್ನು ನಿಲ್ಲಿಸುವ ನೋಟೀಸು, ಶ್ರೀ ವಾಗೀಶ ಹಾಗೂ ವಶಪಡಿಸಿಕೊಂಡ ಕಾದಂಬರಿ ಸಮೇತ ಮಂಡಿ ಮೊಹಲ್ಲಾಕ್ಕೆ ತೆರಳಿದಾಗ, ೪೧ ಸದಸ್ಯರು ಹಾಜರಿದ್ದರು. ಸ್ಕೂಟರ್ ಮೆಕ್ಯಾನಿಕ್ ಶ್ರೀ ಕುಮಾರಸ್ವಾಮಿ ಅಡುಗೆ ಪುಸ್ತಕವೊಂದನ್ನು ಓದುತ್ತಿದ್ದು, “ಉಪ್ಪು ರುಚಿಗೆ ತಕ್ಕಷ್ಟು” ಎಂಬಲ್ಲಿಗೆ ಬಂದಾಗ ಬಸಮ್ಮ, “ಆಸ್ಟ್ಲಲ್ಲಿ ಮುನ್ನೂರು ಮಕ್ಳವೆ. ಯಾರ ರುಚಿಗೆ ಅಂತ ಕೇಳು!” ಎಂದರು. ಸಭೆ ನಕ್ಕಿತು. ಕೆಳಸಹಿದಾರರು ನಗಲಿಲ್ಲ. ನೋಟೀಸು ಓದಿದರು.

ಬಸಮ್ಮ ಕೊನೆಯವರೆಗೂ ಕೇಳಿ, “ಆಗ್ಲಿ ಸಾಮಿ. ಆ ದೆವ್ವ ಏನಾಯ್ತು? ನೂರತ್ತನೇ ಪುಟದಲ್ಲಿ ಬುಟ್ಟು ಬಂದೀವ್ನಿ. ಒಂದ್ ತಿಂಗ್ಳೂ ಅದು ಬಾಗ್ಲಲ್ಲೇ ನಿಂತಿರ್ಬೇಕಾ?” ಎಂದು ಪ್ರಶ್ನಿಸಿದರು.

ಕೆಳಸಹಿದಾರರು ತಮ್ಮ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಯಾವ ಪುಸ್ತಕವನ್ನೂ ಅದರ ದಾಖಲಾತಿ ಸಂಖ್ಯೆಗಿಂತ ಮುಂದೆ ಓದಿರಲಿಲ್ಲ. ಆದರೆ ಪ್ರಶ್ನೆಗೆ ಉತ್ತರ ಕೊಡದಿರುವುದು ಕರ್ತವ್ಯಲೋಪವಾಗುವುದರಿಂದ, ನಿಂತೇ ಗಟ್ಟಿಯಾಗಿ ಓದತೊಡಗಿದರು. ನೂರಹದಿಮೂರನೇ ಪುಟದಲ್ಲಿ ದೆವ್ವವು ಒಳಬರುತ್ತದೆ; ಅದರ ಪಾದಗಳು ಹಿಂದುಮುಂದಾಗಿರುವುದರಿಂದ ಹೆಜ್ಜೆ ಗುರುತು ನೋಡಿದ ಮನೆಯವರು ಅದು ಹೊರಟುಹೋಯಿತೆಂದು ನೆಮ್ಮದಿಯಿಂದ ಮಲಗುತ್ತಾರೆ.

“ಬಂತೋ ಓಯ್ತೋ ಯಾರ್ಗೂ ತಿಳೀದು. ನಿಮ್ಮಾಪೀಸು ಫೈಲಿದ್ದಂಗದೆ ಬುಡಿ ಸಾಮಿ” ಎಂದು ಬಸಮ್ಮ ಅಭಿಪ್ರಾಯಪಟ್ಟರು.

ಕೆಳಸಹಿದಾರರು ನಕ್ಕರು. ನಗು ೪-೩೫ಕ್ಕೆ ಪ್ರಾರಂಭವಾಗಿ ೪-೫೦ಕ್ಕೆ ಮುಕ್ತಾಯಗೊಂಡಿತೆಂದು ಶ್ರೀ ವಾಗೀಶ ಗುರುತು ಹಾಕಿಕೊಂಡಿದ್ದಾರೆ. ಅನಂತರ ಕುರ್ಚಿ ತರಿಸಿ, ಕೊನೆಯ ಪುಟದವರೆಗೆ ಓದಲಾಯಿತು.

ಈ ಎಲ್ಲ ಹಿನ್ನೆಲೆಯಲ್ಲಿ ಕೆಳಕಂಡಂತೆ ಆದೇಶಿಸಿದೆ:

೧. ಶ್ರೀಮತಿ ಬಸಮ್ಮನವರ ಅಮಾನತನ್ನು ಹಿಂಪಡೆಯಲಾಗಿದೆ. ಕಾರ್ಡನ್ನು ಇಲಾಖೆಯ ವತಿಯಿಂದ ಒಮ್ಮೆ ಒರೆಸಿ ಹಿಂತಿರುಗಿಸತಕ್ಕದ್ದು.

೨. ಪತ್ತೇದಾರಿ ಕಾದಂಬರಿ ಓದುವವರು ಕೊಲೆಗಾರ ಸಿಗುವವರೆಗೆ ಮುಗುಳ್ನಗಬಹುದು. ಸಿಕ್ಕ ಮೇಲೆ ನಕ್ಕು, ಪಕ್ಕದವರಿಗೆ ಅವನ ಹೆಸರು ಹೇಳತಕ್ಕದ್ದಲ್ಲ.

೩. ದುಃಖಾಂತ ಚಿತ್ರಗಳ ಪ್ರದರ್ಶನದಲ್ಲಿ ಪರದೆಯ ಪಕ್ಕ ಒಂದು ಲೋಟ ನೀರು ಇಡತಕ್ಕದ್ದು. ಅದು ನಾಯಕನಿಗೆ ಮೀಸಲು, ಪ್ರೇಕ್ಷಕರು ಕುಡಿಯುವಂತಿಲ್ಲ.

೪. ನಗೆಮಾತು ತಡವಾಗಿ ಅರ್ಥವಾಗುವ ಸದಸ್ಯರು ಮರುದಿನ ಬೆಳಿಗ್ಗೆ ೧೦ರಿಂದ ೧೧ರ ಒಳಗೆ ಬಂದು ನಕ್ಕುಹೋಗತಕ್ಕದ್ದು. ಭಾನುವಾರ ಈ ಸೌಲಭ್ಯವಿಲ್ಲ.

೫. ನಗೆಮಾತಿನ ಅರ್ಥವನ್ನು “ಅಂದ್ರೆ ಏನಪ್ಪಾ ಅಂದ್ರೆ” ಎಂದು ವಿವರಿಸಲು ತೊಡಗುವವರನ್ನು ವಾಕ್ಯ ಮುಗಿಯುವ ಮುನ್ನ ಸೈಕಲ್ ಸ್ಟ್ಯಾಂಡಿಗೆ ಕರೆದೊಯ್ಯತಕ್ಕದ್ದು.

೬. ಹಾಸ್ಯ ವಿಭಾಗದ ೨೧೨ ಪುಸ್ತಕಗಳನ್ನು ಯಾರೂ ನಿಂದಿಸಬಾರದು. ಅವುಗಳನ್ನು ಹತ್ತತ್ತರಂತೆ, ತರಬೇತಿಗಾಗಿ, ಎರಡು ವಾರ ದೆವ್ವಗಳ ಬೀರುವಿಗೆ ನಿಯೋಜಿಸಲಾಗಿದೆ.

೭. ಕಚೇರಿ ವೇಳೆಯಲ್ಲಿ ನಕ್ಕ ಹದಿನೈದು ನಿಮಿಷಗಳನ್ನು ಕೆಳಸಹಿದಾರರ ಸಾಂದರ್ಭಿಕ ರಜೆಯಿಂದ ಕಳೆಯಲಾಗಿದೆ. ಮುಂದಿನ ಗುರುವಾರಕ್ಕೆ ಅರ್ಧ ದಿನ ಮುಂಗಡವಾಗಿ ಮಂಜೂರಾಗಿದೆ.

ಸಹಿ/- (ಮೂರನೇ ಪ್ರಯತ್ನ)
ಲಕ್ಷ್ಮೀನರಸಿಂಹ
ವಲಯ ಅಧಿಕಾರಿ

ಪ್ರತಿಗಳು:

೧. ಶ್ರೀಮತಿ ಬಸಮ್ಮ, ಮಂಡಿ ಮೊಹಲ್ಲಾ: ಮಾಹಿತಿಗಾಗಿ. ಓದುವಾಗ ನಕ್ಕಲ್ಲಿ ಆಕ್ಷೇಪಣೆ ಇಲ್ಲ.

೨. ಶ್ರೀ ವಾಗೀಶ, ಓದುಮನೆ ಸಹಾಯಕರು: ಸೂಚನಾ ಫಲಕದಲ್ಲಿ ಅಂಟಿಸಲು. ಗಂಭೀರವಾಗಿ ಅಂಟಿಸತಕ್ಕದ್ದು.

೩. ಮಂಡಕಳ್ಳಿ ಓದುಮನೆ: ಅಲ್ಲಿ ಇನ್ನೂ ಯಾರೂ ನಕ್ಕಿಲ್ಲವಾದರೂ, ಮುಂಜಾಗ್ರತೆಗಾಗಿ.

೪. ಶ್ರೀಮತಿ ಶಾರದ, ಕೆಳಸಹಿದಾರರ ಪತ್ನಿ: ದಿನಾಂಕ ೧೨ರ ಸಂಜೆ ನಗುತ್ತಾ ಮನೆಗೆ ಬಂದವರು ಕೆಳಸಹಿದಾರರೇ ಎಂದು ದೃಢೀಕರಿಸಿದೆ. ಊಟ ಬಡಿಸಬಹುದು.