ಹಂದಿಗೆ ಬಿದ್ದ ಗೋಗ್ರಾಸ

ರೈಲಿನ ಜನರಲ್ ಡಬ್ಬಿಯಲ್ಲಿ ಒಂದು ಮೋಜು ನೋಡಬೇಕು. ಹುಬ್ಬಳ್ಳಿಯಲ್ಲಿ ಕಿಟಕಿಯಿಂದ ಟವೆಲ್ ಎಸೆದು, ನಾಲ್ಕು ಜನರ ಕಾಲು ತುಳಿದು, ಬೈಸಿಕೊಂಡು ಒಳಗೆ ನುಗ್ಗಿದ ಮನುಷ್ಯ ಧಾರವಾಡ ಬರುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತು, "ಜಾಗಾ ಇಲ್ರೀ, ಹಿಂದಿನ ಡಬ್ಬಿಗೆ ಹೋಗ್ರಿ" ಎನ್ನುತ್ತಿರುತ್ತಾನೆ. ಅಂಥವರನ್ನು ಕಂಡು ನಾನು ಬಹಳ ಸಲ ನಕ್ಕಿದ್ದೇನೆ. ಬರ್ಲಿನ್ನಿಗೆ ಬಂದು, ಜರ್ಮನ್ ಪಾಸ್‌ಪೋರ್ಟ್ ಕೈಗೆ ಸಿಕ್ಕಮೇಲೆ ಆ ನಗು ಯಾಕೋ ಕಡಿಮೆಯಾಯಿತು.

ಇಲ್ಲಿ ಫ್ಲ್ಯಾಟಿನಲ್ಲಿರುವವರಿಗೆ ಊರಂಚಿನಲ್ಲಿ ಒಂದು ತುಂಡು ತೋಟ ಬಾಡಿಗೆಗೆ ಕೊಡುತ್ತಾರೆ. ಕ್ಲೈನ್‌ಗಾರ್ಟನ್ ಅಂತ ಹೆಸರು. ಕೊಡುತ್ತಾರೆ ಅಂದರೆ ಕೇಳಿದ ಕೂಡಲೇ ಅಲ್ಲ. ನಮ್ಮ ಪಾಳಿ ಬರುವಷ್ಟರಲ್ಲಿ ಮಗಳು ಹುಟ್ಟಿ ಶಾಲೆಗೆ ಹೋಗುತ್ತಿದ್ದಳು. ತೋಟಗಾರರದೊಂದು ಸಂಘ, ಆ ಸಂಘಕ್ಕೆ ನೂರೆಂಟು ನಿಯಮ. ಬೇಲಿ ಎಷ್ಟೆತ್ತರ ಇರಬೇಕು, ಮಧ್ಯಾಹ್ನ ಯಾವಾಗ ಸದ್ದು ಮಾಡಬಾರದು, ಎಲ್ಲವೂ ಗೊತ್ತುಮಾಡಿದ್ದು. ನನ್ನ ಹೆಂಡತಿ ಪದ್ಮಾ ಅಲ್ಲಿ ಮೆಂತ್ಯ, ಕೊತ್ತಂಬರಿ, ಬದನೆ ಬೆಳೆದಳು. ವಾರವೆಲ್ಲ ಕಾರಿನ ಸಾಫ್ಟ್‌ವೇರಿನಲ್ಲಿ ತಲೆ ಕೆಡಿಸಿಕೊಂಡು ಶನಿವಾರ ಆ ಮಣ್ಣಿನಲ್ಲಿ ಕೂತರೆ, ಈ ದೇಶದಲ್ಲಿ ನನಗೂ ಒಂದು ಹಿಡಿ ನೆಲ ಇದೆಯಲ್ಲ ಅಂತ ಹೊಟ್ಟೆ ತಣ್ಣಗಾಗುತ್ತಿತ್ತು. ಆ ತೋಟದ ಮೇಲೆ ನನಗೆ ಎಷ್ಟು ಜೀವ ಇತ್ತೆಂದು ಪೂರ್ತಿ ಹೇಳಿದರೆ ಪದ್ಮಾಗೆ ಸಿಟ್ಟು ಬಂದೀತು.

ಹೋದ ಬೇಸಿಗೆಯಲ್ಲಿ ಅವ್ವ ಧಾರವಾಡದಿಂದ ಬಂದಿದ್ದಳು. ಅವಳಿಗೆ ಬರ್ಲಿನ್ನಿನ ಹವೆಯಾಗಲಿ ಭಾಷೆಯಾಗಲಿ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಗೋಗ್ರಾಸ. ಊಟಕ್ಕೆ ಮೊದಲು ಆಕಳ ಪಾಲಿನ ತುತ್ತು ತೆಗೆದಿಡದೆ ಅವಳು ಜನ್ಮದಲ್ಲಿ ಉಂಡವಳಲ್ಲ. "ಆಕಳಿಲ್ಲದ ಊರಾಗ ಇದನ್ನ ಯಾರಿಗೆ ಇಡ್ಲೋ?" ಎಂದು ದಿನಾ ತಕರಾರು. ಕಸದ ಡಬ್ಬಿ ತೋರಿಸಿದೆ, ಎರಡು ದಿನ ಮಾತು ಬಿಟ್ಟಳು. ಆಮೇಲೆ ತೋಟಕ್ಕೆ ಕರೆದುಕೊಂಡು ಹೋಗತೊಡಗಿದ ಮೇಲೆ ತಕರಾರು ತಾನಾಗಿಯೇ ನಿಂತಿತು. ದಿನಾ ಸಂಜೆ ಅವಳ ಚೀಲ ಹಿಡಿದು ನಾನೂ ಹೋಗುತ್ತಿದ್ದೆ. ಹಸಿರು ನೋಡಿ ಅವ್ವನ ಮನಸ್ಸು ಹಗುರವಾಯಿತು ಎಂದು ಪದ್ಮಾಗೆ ಹೆಮ್ಮೆಯಿಂದ ಹೇಳಿದೆ.

ಅದೇ ಹೊತ್ತಿಗೆ ಕಾಡುಹಂದಿಗಳ ಕಾಟ ಸುರುವಾಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೆಂತ್ಯದ ಮಡಿ ರಂಟೆ ಹೊಡೆದ ಹಾಗಿತ್ತು. ಪಕ್ಕದ ತೋಟದ ಫ್ರಾವ್ ಬ್ರಾಂಡ್ಟ್, ಅವರೇ ಸಂಘದ ಅಧ್ಯಕ್ಷೆ, ತಮ್ಮ ಡೇಲಿಯಾ ಗಡ್ಡೆಗಳ ಅವಶೇಷ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು. ತುರ್ತು ಸಭೆ ಕರೆದರು. ಬೇಟೆಗಾರರೊಬ್ಬರನ್ನೂ ಕರೆಸಿದರು, ಹಸಿರು ಟೊಪ್ಪಿಗೆ ಹಾಕಿದ, ಮಾತು ಕಡಿಮೆಯ ಮುದುಕರು.

ನಾನು ಆಗಷ್ಟೇ ಸಂಘದ ಸಮಿತಿಗೆ ಸೇರಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಸ್ಲೈಡು ಮಾಡಿಕೊಂಡು ಹೋಗಿದ್ದೆ. ಅಮೆರಿಕದ ಒಂದು ವೆಬ್‌ಸೈಟಿನಿಂದ ಎತ್ತಿದ ಮಾಲು. ಕಾಡುಹಂದಿ ಅಂದರೆ ಹೊರಗಿನಿಂದ ನುಗ್ಗಿದ ಆಕ್ರಮಣಕಾರಿ ತಳಿ. ಲೆಕ್ಕವಿಲ್ಲದೆ ಮರಿ ಹಾಕುತ್ತದೆ, ಸಿಕ್ಕದ್ದೆಲ್ಲ ತಿನ್ನುತ್ತದೆ, ಮೂಲದವರಿಗೆ ಜಾಗ ಬಿಡುವುದಿಲ್ಲ, ಗುಂಡೊಂದೇ ಮದ್ದು. ಉಳ್ಳಾಗಡ್ಡಿ ಹೆಚ್ಚಿದರೆ ಮಡಿ ಕೆಟ್ಟಿತು ಅನ್ನುವ ಮನೆತನದವನು ನಾನು. ಅವತ್ತು ಬೇಟೆಯ ಪರವಾಗಿ ಟೇಬಲ್ ಕುಟ್ಟಿ ಮಾತಾಡಿದೆ.

ಬೇಟೆಗಾರರು ಪೂರ್ತಿ ಕೇಳಿಸಿಕೊಂಡರು. "ಅಮೆರಿಕದಲ್ಲಿ ಅದು ನಿಜ. ಅಲ್ಲಿಗೆ ಅವನ್ನು ಯಾರೋ ಹಡಗಿನಲ್ಲಿ ಒಯ್ದರು. ಇಲ್ಲಿ ಅವು ಮೂಲದವು. ಈ ಊರು ಹುಟ್ಟುವ ಮೊದಲೇ ಇದ್ದವು. ಹೊರಗಿನಿಂದ ಬಂದವರು ಬೇರೆ" ಎಂದರು. ಅವರು ಹೇಳಿದ್ದು ಅಮೆರಿಕದಿಂದ ತಂದು ಇಲ್ಲಿ ಬಿಟ್ಟ ರಕೂನ್ ಎಂಬ ಪ್ರಾಣಿಯ ಬಗ್ಗೆ ಅಂತ ಆಮೇಲೆ ತಿಳಿಯಿತು. ಆದರೆ ಆ ಕ್ಷಣ ಸಭೆಯಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಜರ್ಮನ್ನರು ಬಹಳ ಸಭ್ಯರು. ಎಲ್ಲರೂ ಒಟ್ಟಿಗೆ ಕಿಟಕಿಯ ಕಡೆ ನೋಡಿದರು.

"ಜನವಸತಿಯಲ್ಲಿ ಸುಮ್ಮನೆ ಗುಂಡು ಹಾರಿಸಲಾಗದು. ಮೊದಲು ಇವಕ್ಕೆ ಊಟ ಹಾಕುತ್ತಿರುವವರು ಯಾರು ಅಂತ ನೋಡೋಣ" ಎಂದರು ಮುದುಕರು. ಹೋದ ಮಾನ ವಾಪಸು ತರಲು ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ಎದ್ದು ನಿಂತು, ಊಟ ಹಾಕಿದವರು ಯಾರೇ ಆಗಲಿ, ತೋಟ ಕೂಡಲೇ ಕಸಿದುಕೊಳ್ಳಬೇಕು ಎಂಬ ಠರಾವು ಮಂಡಿಸಿದೆ. ಮೊದಲು ಎಚ್ಚರಿಕೆ ಕೊಡುವುದು ಪದ್ಧತಿ ಎಂದು ಫ್ರಾವ್ ಬ್ರಾಂಡ್ಟ್ ಮೆಲ್ಲಗೆ ಹೇಳಿದರು. "ಕನಿಕರ ತೋರಿಸಿದರೆ ಶಿಸ್ತು ಉಳಿಯುವುದಿಲ್ಲ" ಎಂದೆ. ಜರ್ಮನ್ನರಿಗೇ ಶಿಸ್ತಿನ ಪಾಠ! ಠರಾವು ಪಾಸಾಯಿತು. ಹೊರಗೆ ಬರುವಾಗ, ಮೂಲೆಯ ತೋಟಕ್ಕೆ ಹೊಸದಾಗಿ ಬಂದ ಸಿರಿಯಾದ ಯೂಸುಫ್ ಕುಟುಂಬದ ಮೇಲೆ ನನಗೆ ಗುಮಾನಿ ಇದೆ, ಹೊಸಬರಿಗೆ ನಿಯಮ ಏನು ಗೊತ್ತು, ಎಂದು ಅಧ್ಯಕ್ಷೆಯ ಕಿವಿಯಲ್ಲೂ ಊದಿದೆ.

ಬೇಟೆಗಾರರು ಬೇಲಿಯ ಸಂದಿಗೆ ಎದುರಾಗಿ ಮರಕ್ಕೆ ಒಂದು ಕ್ಯಾಮೆರಾ ಕಟ್ಟಿದರು. ಮುಂದಿನ ಸಭೆಯಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ತಾಯಿಹಂದಿ, ಅದರ ಹಿಂದೆ ಪಟ್ಟೆಪಟ್ಟೆ ಮರಿಗಳ ಸಾಲು. ಫ್ರಾವ್ ಬ್ರಾಂಡ್ಟ್ ಕೂಡ ಡೇಲಿಯಾ ಮರೆತು ಮುಗುಳ್ನಕ್ಕರು. ಎರಡನೆಯದರಲ್ಲಿ ಇಳಕಲ್ ಸೀರೆ. ಪದ್ಮಾ ಬೆಳೆದ ರೂಬಾರ್ಬ್ ಎಂಬ ಇಲ್ಲಿನ ಗಿಡದ ಅಗಲ ಎಲೆ ಹಾಸಿ, ಅದರ ಮೇಲೆ ಅನ್ನ, ತೊವ್ವೆ, ಚಪಾತಿ ಬಡಿಸಿ, ಅವ್ವ ಬೇಲಿಗೆ ಕೈಮುಗಿದು ನಿಂತಿದ್ದಳು. ಅವಳ ಹಿಂದೆ, ಚೀಲ ಹೆಗಲಿಗೆ ಹಾಕಿಕೊಂಡು, ಕತ್ತು ಬಗ್ಗಿಸಿ ಫೋನು ನೋಡುತ್ತ ನಾನು. ಬಹುಶಃ ಕಾಡುಹಂದಿಯ ಬಗ್ಗೆಯೇ ಓದುತ್ತಿದ್ದೆ.

ಕಿಟಕಿಯ ಕಡೆ ನೋಡುವ ಸರದಿ ಈಗ ನನ್ನದಾಗಿತ್ತು. ಠರಾವನ್ನು ಸ್ವಲ್ಪ ಸಡಿಲಿಸಬಹುದೇ ಎಂದು ಅಧ್ಯಕ್ಷೆ ಸಭೆಯನ್ನು ಕೇಳಿದರು. ಒಂದು ಕೈ ಮಾತ್ರ ಎದ್ದಿತು. "ಅವರ ತಾಯಿ ವಯಸ್ಸಾದವರು, ಒಂದು ಎಚ್ಚರಿಕೆ ಸಾಕು" ಎಂದವರು ಯೂಸುಫ್. ಉಳಿದವರು ನನ್ನ ಮಾತನ್ನೇ ನನಗೆ ನೆನಪಿಸಿದರು. ನನ್ನ ಜರ್ಮನ್ ವ್ಯಾಕರಣವನ್ನು ಮಾತ್ರ ಅಲ್ಲಲ್ಲಿ ತಿದ್ದಿಕೊಂಡಿದ್ದರು. ತೋಟ ಹೋಯಿತು. ಯೂಸುಫ್ ಮುಖ ನೋಡಲು ನನಗೆ ನಾಚಿಕೆಯಾಯಿತು.

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಆಕಳಿಗಂತ ಇಟ್ಟಿದ್ದೆ. ವರಾಹಸ್ವಾಮಿ ತಗೊಂಡ್ರ ಬ್ಯಾಡ ಅನ್ನಲಿಕ್ಕೆ ನಾ ಯಾರು? ನೀನೂ ಅಲ್ಲೇ ನಿಂತಿದ್ದೆಲ್ಲಾ, ಆವಾಗ ಬಾಯಿ ಎಲ್ಲಿ ಇಟ್ಟಿದ್ದಿ?" ಎಂದಳು. ಇನ್ನೊಂದು ಬತ್ತಿಗೆ ಹತ್ತಿ ಎತ್ತಿಕೊಂಡು, "ಮೊದ್ಲ ಇದ್ದದ್ದು ಅದು. ತೋಟಾ ನಿನಗ ಬಾಡಿಗಿ ಕೊಟ್ಟಾರ ಅಂತ ಅದಕ್ಕ ಯಾರ ಹೇಳ್ಯಾರು?" ಎಂದಳು. ಪದ್ಮಾ ಬದನೆ ಗಿಡಗಳನ್ನು ಬಾಲ್ಕನಿಯ ಕುಂಡಕ್ಕೆ ಬದಲಾಯಿಸುತ್ತ ನನಗೆ ಬೆನ್ನು ಮಾಡಿ ಕೂತಳು. ಅದು ಅವ್ವನ ಮಾತಿಗಿಂತ ಹೆಚ್ಚು ಚುಚ್ಚಿತು.

ಗುಂಡು ಹಾರಲೇ ಇಲ್ಲ. ಅನ್ನ ನಿಂತ ಮೇಲೆ ಹಂದಿಗಳು ತಮ್ಮಷ್ಟಕ್ಕೆ ತಾವು ಕಾಡಿಗೆ ಹೋದವಂತೆ. ಅಷ್ಟು ಸಭೆ, ಅಷ್ಟು ಸ್ಲೈಡು, ಅಷ್ಟು ಭಾಷಣ ಎಲ್ಲ ಸೇರಿ ಆ ತೋಟದಿಂದ ಓಡಿಸಿದ್ದು ಒಂದೇ ಒಂದು ಪ್ರಾಣಿಯನ್ನು. ಅದು ಈಗ ಮತ್ತೊಂದು ಸಂಘದಲ್ಲಿ ಹೆಸರು ಹಚ್ಚಿ ಪಾಳಿಯಲ್ಲಿ ನಿಂತಿದೆ. ಹೊಸಬರ ಬಗ್ಗೆ ಈ ಸಂಘಗಳವರು ಸ್ವಲ್ಪ ಉದಾರವಾಗಿರಬೇಕು ಅಂತ ಅದಕ್ಕೆ ಈಚೆಗೆ ಬಲವಾಗಿ ಅನ್ನಿಸತೊಡಗಿದೆ.